ಪಕ್ಕದಲ್ಲಿ ಕೂರಲು ಕಲಿಸಿದೆ

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಹುಟ್ಟೂರು ಹೊಳಲ್ಕೆರೆ. ತರ್ಕಶಾಸ್ತ್ರ ತೆಗೆದುಕೊಳ್ಳುವ ಹುಡುಗರು ಕಡಿಮೆ, ತೆಗೆದುಕೊಂಡವರೂ ಬೇರೆ ವಿಷಯದಲ್ಲಿ ಜಾಗ ಸಿಗದೆ ಬಂದವರು. ಕೆಲಸ ಹಗುರ ಇರುವ ಮೇಷ್ಟ್ರು ಎಂದು ಪ್ರಿನ್ಸಿಪಾಲರು ನನ್ನನ್ನು ಹಾಸ್ಟೆಲ್ಲಿನ ವಾರ್ಡನ್ ಮಾಡಿದರು.

ವಾರ್ಡನ್ ಆದ ಮೊದಲ ವರ್ಷವೇ ಒಬ್ಬ ವಿದ್ಯಾರ್ಥಿ ಸತ್ತ. ಭಾನುವಾರ ಮಧ್ಯಾಹ್ನ ಸಾರಾಯಿ ಕುಡಿದು ಊರಾಚೆಯ ತೋಟದ ಬಾವಿಗೆ ಈಜಲು ಇಳಿದಿದ್ದ. ಚೆನ್ನಾಗಿ ಈಜು ಬರುತ್ತಿತ್ತಂತೆ. ಅವನು ದಿನವೂ ಕುಡಿಯುತ್ತಾನೆ ಅನ್ನುವುದು ಅವನ ಕೋಣೆಯ ಮೂವರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಆ ಮೂವರನ್ನು ಕೂರಿಸಿಕೊಂಡು ಕೇಳಿದೆ: "ಯಾಕ್ರೋ ಒಬ್ಬರಾದ್ರೂ ನನಗೆ ಹೇಳಲಿಲ್ಲ?"

ಅವರಲ್ಲಿ ಒಬ್ಬ, "ಹೇಳಿದ್ರೆ ನೀವು ಅವನನ್ನ ಹೊರಗೆ ಹಾಕ್ತಿದ್ರಿ ಸಾರ್. ಹೇಳದೆ ನಾವೇ ಏನರ ಮಾಡಾಣ ಅಂದ್ರೆ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ" ಅಂದ.

ಈ ಮಾತನ್ನು ನಾನು ಶವಪರೀಕ್ಷೆ ಮಾಡಿದ ಡಾಕ್ಟರಿಗೆ ಹೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳ ಜೊತೆ ಸ್ವಲ್ಪ ಕಾಲ ಕೆಲಸ ಮಾಡಿ ಚಿತ್ರದುರ್ಗದ ಆಸ್ಪತ್ರೆಗೆ ಬಂದಿದ್ದರು. ಕುಡಿತವನ್ನು ಕಾಯಿಲೆ ಎಂದು ಕರೆದದ್ದನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಅವರು ಹೇಳಿದರು: "ಮೇಷ್ಟ್ರೇ, ದೊಡ್ಡವರು ಬುದ್ಧಿ ಹೇಳಿದರೆ ಕುಡಿಯೋ ಹುಡುಗ ಕಿವಿ ಮುಚ್ಕೋತಾನೆ. ಅವನ ವಯಸ್ಸಿನವನೇ ಒಬ್ಬ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಏನಾದರೂ ಆಗಬಹುದು. ನನಗೆ ಹತ್ತು ಹುಡುಗರನ್ನು ಕೊಡಿ. ತಯಾರು ಮಾಡೋಣ."

ಹತ್ತು ಜನ ಸಿಕ್ಕರು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕಾಲೇಜಿನ ಒಂದು ಕೋಣೆಯಲ್ಲಿ ಸೇರುತ್ತಿದ್ದೆವು. ಮೊದಲ ವಾರ ಎಲ್ಲರೂ ಭಾಷಣ ಕೇಳಲು ಬಂದವರಂತೆ ಕೈಕಟ್ಟಿ ಕೂತರು. ಡಾಕ್ಟರು ಭಾಷಣ ಮಾಡಲಿಲ್ಲ. ಇಬ್ಬರನ್ನು ಎಬ್ಬಿಸಿ, "ನೀನು ಕುಡಿದು ಬಂದಿದೀಯ. ಇವನು ನಿನ್ನ ರೂಮಿನವನು. ಮಾತಾಡಿ ನೋಡೋಣ" ಅಂದರು. ಕುಡುಕನಾಗಿ ನಿಂತವನು ಹಿರೇಗುಂಟನೂರು ಕಡೆಯ ಹುಡುಗ, ನಾಟಕದ ಹುಚ್ಚಿನವನು. ತೂರಾಡಿ, ತೊದಲಿ, ಗೋಡೆಗೆ ಕೈಮುಗಿದು ಎಲ್ಲರನ್ನೂ ನಗಿಸಿದ. ರೂಮಿನವನಾಗಿ ನಿಂತವನು, "ನಿಮ್ಮಪ್ಪ ಅಲ್ಲಿ ಹೊಲದಾಗೆ ಬೆವರು ಸುರಿಸ್ತಾನೆ, ನಾಚಿಕೆ ಆಗಲ್ವೇನಲೇ ನಿಂಗೆ?" ಎಂದು ಶುರು ಮಾಡಿದ.

ಡಾಕ್ಟರು ಕೈಯೆತ್ತಿ ನಿಲ್ಲಿಸಿದರು. "ನಾಚಿಕೆ ಅವನಿಗೆ ಬೇಕಾದಷ್ಟಿದೆ. ನಾಚಿಕೆ ತಡೀಲಾರದೇ ಕುಡೀತಾನೆ. ನೀನು ಇನ್ನಷ್ಟು ಕೊಡಬೇಡ."

ಹೀಗೆ ಒಂದೊಂದು ವಾರ ಒಂದೊಂದು. ದೇವರ ಮೇಲೆ ಆಣೆ ಹಾಕಿಸಬೇಡಿ, ಆಣೆ ಮುರಿದ ದಿನ ಅವನು ನಿಮ್ಮ ಮುಖ ನೋಡಲು ಹೆದರುತ್ತಾನೆ ಅಂದರು. ಅವನ ಪರವಾಗಿ ಮೇಷ್ಟ್ರ ಹತ್ತಿರ ಸುಳ್ಳು ಹೇಳಬೇಡಿ ಅಂದರು. ಕುಡಿತ ಬಿಟ್ಟ ಎರಡನೇ ಮೂರನೇ ದಿನ ಕೈ ನಡುಗಿದರೆ, ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕಿರುಚಿದರೆ ಅದು ನಾಟಕವಲ್ಲ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅಂದರು. ಮತ್ತೆ ಮತ್ತೆ ಹೇಳುತ್ತಿದ್ದದ್ದು ಮಾತ್ರ ಒಂದೇ: "ಏನೂ ತೋಚದಿದ್ದರೆ ಪಕ್ಕದಲ್ಲಿ ಕೂತ್ಕೊಳ್ಳಿ."

ಆ ಹತ್ತು ಜನರಲ್ಲಿ ಹೊಸದುರ್ಗ ತಾಲ್ಲೂಕಿನ ಒಬ್ಬ ಹುಡುಗನಿದ್ದ. ಬಿ.ಎ. ಮೊದಲ ವರ್ಷ. ಕುರಿ ಕಾಯುವ ಮನೆತನ. ತಂದೆ ತೀರಿಹೋಗಿ, ತಾಯಿ ಮತ್ತು ಸೋದರಮಾವ ಕುರಿ ನೋಡಿಕೊಂಡು ಇವನನ್ನು ಓದಿಸುತ್ತಿದ್ದರು. ಸಿರಿಗೆರೆಯಲ್ಲಿ ಹೈಸ್ಕೂಲು ಮುಗಿಸಿ ಬಂದಿದ್ದ. ಅವರ ಹಟ್ಟಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಎತ್ತರದ ಆಳು, ಮೆಲುಮಾತು, ಮುತ್ತು ಪೋಣಿಸಿದಂಥ ಅಕ್ಷರ. ಬೇರೆಯವರು ನಕ್ಕಾಗ ಅವನು ನಗಲಿಲ್ಲ. ನಾಲ್ಕನೇ ವಾರವೋ ಐದನೇ ವಾರವೋ ಡಾಕ್ಟರು, "ನಿನಗೆ ಏನಾದರೂ ಹೇಳೋದಿದೆಯೇನಪ್ಪ?" ಎಂದು ಕೇಳಿದಾಗ ಎದ್ದು ನಿಂತ.

"ಚೊಚ್ಚಲು ಕುರಿ ಒಂದೊಂದು ಸಲ ಮರೀನ ಒಲ್ಲೆ ಅಂತೈತೆ ಸಾರ್. ಒದೀತೈತೆ. ಅದನ್ನ ಹೊಡೆದ್ರೆ ಆಗಲ್ಲ, ಬೈದ್ರೆ ಆಗಲ್ಲ. ನಮ್ಮವ್ವ ಅದರ ಪಕ್ಕ ಕುಂತ್ಕಂತಾಳೆ. ಒಂದು ದಿನ ಆಗ್ಲಿ, ಎರಡು ದಿನ ಆಗ್ಲಿ. ಅದೇ ತಾನಾಗಿ ಮರೀನ ಮೂಸ್ತೈತೆ. ನೀವು ಹೇಳಾದು ಅಂಥದ್ದೇ ಅಲ್ವಾ ಸಾರ್?"

ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವನಿಗೆ ನಾವು ಕಲಿಸುವುದು ಏನೂ ಇಲ್ಲ ಅಂದರು. ನನಗೆ ಬಹಳ ಹೆಮ್ಮೆಯಾಯಿತು.

ಆ ದಿನಗಳಲ್ಲೇ ಹಿರಿಯೂರಿನ ಒಬ್ಬ ಮುಖ್ಯೋಪಾಧ್ಯಾಯರು ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಮಗ ನಮ್ಮ ಹಾಸ್ಟೆಲ್ಲಿನವನೇ, ಹೊಸದುರ್ಗದ ಹುಡುಗನ ತರಗತಿಯವನೇ. ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದ. ಮಾತಿನಲ್ಲಿ ಚುರುಕು, ಎಲ್ಲ ಮೇಷ್ಟ್ರನ್ನೂ ಅಣಕ ಮಾಡಿ ತೋರಿಸುತ್ತಿದ್ದ. ಅಂಥವನು ಅವತ್ತು ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೆನ್ನೆ ಊದಿಕೊಂಡಿತ್ತು. ತಂದೆ ಹೊಡೆದದ್ದು. ಸಾರಾಯಿ ಜೊತೆಗೆ ನಿದ್ದೆ ಮಾತ್ರೆಯನ್ನೂ ನುಂಗುತ್ತಾನೆ, ಬೆಳಗ್ಗೆ ಎದ್ದರೆ ಲೋಟ ಹಿಡಿಯಲು ಕೈ ನಿಲ್ಲುವುದಿಲ್ಲ ಎಂದು ತಂದೆ ಹೇಳಿದರು. "ಇವನನ್ನ ನಿಮ್ಮ ಉಡಿಗೆ ಹಾಕೀನಿ ಮೇಷ್ಟ್ರೆ. ಉಳಿದ್ರೆ ನಿಮ್ಮ ಮಗ, ಹೋದ್ರೆ ನನ್ನ ಕರ್ಮ" ಎಂದು ಅತ್ತರು.

ಡಾಕ್ಟರು ಅವನನ್ನು ಹದಿನೈದು ದಿನಕ್ಕೆಂದು ವಾರ್ಡಿಗೆ ಸೇರಿಸಿಕೊಂಡರು. ಪಕ್ಕದಲ್ಲಿ ಕೂರಲು ನಾನು ಹೊಸದುರ್ಗದ ಹುಡುಗನನ್ನು ಕಳಿಸಿದೆ. ಬೇರೆ ಯಾರನ್ನೂ ಯೋಚಿಸಲೇ ಇಲ್ಲ.

ಆ ಹದಿನೈದು ದಿನ ನಾನೂ ದಿನಾ ಸಂಜೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ಮೂರನೇ ದಿನ ಹಿರಿಯೂರಿನವನಿಗೆ ಮೈಯೆಲ್ಲ ಬೆವರು, ಹಾಸಿಗೆ ಒದ್ದೆ. ಕಾಲ ಮೇಲೆ ಇರುವೆ ಹತ್ತುತ್ತಿವೆ ಎಂದು ಕೊಡವಿಕೊಳ್ಳುತ್ತಿದ್ದ. ಹೊಸದುರ್ಗದವನು ಸ್ಟೂಲಿನ ಮೇಲೆ ಕೂತು, ಇಲ್ಲದ ಇರುವೆಗಳನ್ನು ತಾನೂ ಒಂದೊಂದಾಗಿ ತೆಗೆದು ಕೆಳಗೆ ಹಾಕುತ್ತಿದ್ದ. "ಇಲ್ಲ ಅಂದ್ರೆ ಅವನಿಗೆ ಸಿಟ್ಟು ಬರ್ತೈತೆ ಸಾರ್. ತೆಗೆದ್ರೆ ಸುಮ್ಮನಾಗ್ತಾನೆ" ಅಂದ. ರಾಗಿ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದ. ಬಾಯಿಂದ ಹೊರಗೆ ಬಂದದ್ದನ್ನು ತನ್ನ ಟವಲಿನಿಂದಲೇ ಒರೆಸುತ್ತಿದ್ದ. ಅವನಿಗೆ ಆ ವಾರ ಪರೀಕ್ಷೆ ಇತ್ತು. ಎರಡು ಪೇಪರು ಬರೆಯಲಿಲ್ಲ. ನಾನು ಅದನ್ನು ಕೇಳಲೂ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಾಲ್ಕೈದು ತಿಂಗಳು ಎಲ್ಲವೂ ಚೆನ್ನಾಗಿತ್ತು. ಹಿರಿಯೂರಿನವನು ಮತ್ತೆ ವಾಲಿಬಾಲ್ ಆಡಿದ. ಇಬ್ಬರೂ ಒಂದೇ ಕೋಣೆಗೆ ಬದಲಾಯಿಸಿಕೊಂಡರು. ಸಂಜೆ ಹೊತ್ತು ಕುಡಿಯುವ ಆಸೆ ಕೆರಳುತ್ತದೆ ಎಂದು ಆ ಹೊತ್ತಿಗೆ ಸರಿಯಾಗಿ ಕೋಟೆಯ ಕಡೆ ನಡೆದು ಹೋಗುತ್ತಿದ್ದರು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನನ್ನ ಹೆಂಡತಿ ರೊಟ್ಟಿ ತಟ್ಟುತ್ತಿದ್ದರೆ ಹಿರಿಯೂರಿನವನು ಅಡುಗೆಮನೆಯ ಬಾಗಿಲಿಗೆ ಒರಗಿ ನನ್ನ ಪಾಠದ ಧಾಟಿಯನ್ನೇ ಅಣಕ ಮಾಡಿ ಅವಳನ್ನು ನಗಿಸುತ್ತಿದ್ದ. ಹೊಸದುರ್ಗದವನು ಹಿತ್ತಲ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದ. ಹಿರಿಯೂರಿನಿಂದ ತಂದೆಯ ಕಾಗದ ಬಂತು, ನೀವು ನನ್ನ ಮನೆಯ ದೀಪ ಉಳಿಸಿದಿರಿ ಎಂದು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ದೀಪವನ್ನು ನಾನು ಉಳಿಸಿರಲಿಲ್ಲ, ಆದರೂ ಹೊಗಳಿಕೆ ನನಗೇ ಬಂತು, ನಾನೂ ಬೇಡ ಅನ್ನಲಿಲ್ಲ.

ಆಮೇಲೆ ಡಾಕ್ಟರಿಗೆ ವರ್ಗವಾಯಿತು, ದೂರದ ಜಿಲ್ಲೆಗೆ. ಹೊರಡುವ ಮುಂಚೆ ಸಾಮಾನು ಕಟ್ಟುತ್ತಾ ಅವರು ನನಗೆ ಹೇಳಿದರು: "ಒಂದು ಪಾಠ ಉಳಿದುಬಿಟ್ಟಿತು ಮೇಷ್ಟ್ರೇ. ಪಕ್ಕದಿಂದ ಯಾವಾಗ ಎದ್ದು ಬರಬೇಕು ಅನ್ನೋದು. ಕೂತವನೂ ಮುಳುಗಬಹುದು. ಅದನ್ನ ನೀವು ಹೇಳಿಕೊಡಿ, ಮರೀಬೇಡಿ."

ನಾನು ಹೂಂ ಅಂದೆ. ಮುಂದಿನ ಭಾನುವಾರ ಹೇಳೋಣ ಅಂದುಕೊಂಡೆ. ಹೊಸದುರ್ಗದವನ ಕುರಿಯ ಮಾತು ನಾಟಿದ ಹಾಗೆ ಅದು ನನ್ನ ಮನಸ್ಸಿಗೆ ನಾಟಿರಲಿಲ್ಲ. ಅಷ್ಟರಲ್ಲಿ ದೇಶಕ್ಕೆ ತುರ್ತು ಪರಿಸ್ಥಿತಿ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, "ಹತ್ತು ಹುಡುಗ್ರು ಬಾಗಿಲು ಹಾಕ್ಕಂಡು ಪ್ರತಿ ಭಾನುವಾರ ಏನ್ ಮಾತಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ ನಾನೇನ್ ಹೇಳ್ಲಿ? ಕುಡಿತದ ವಿಷಯ ಅಂದ್ರೆ ನಂಬ್ತಾರಾ? ನಿಲ್ಸಿಬಿಡ್ರಿ" ಅಂದರು. ನಾನು ವಾದ ಮಾಡಲಿಲ್ಲ. ನನಗೂ ಭಯವಿತ್ತು. ಹೊಸದಾಗಿ ಮಗಳು ಹುಟ್ಟಿದ್ದಳು. ಭಾನುವಾರದ ಕೋಣೆಗೆ ಬೀಗ ಬಿತ್ತು. ಉಳಿದ ಒಂಬತ್ತು ಜನ ಅವರವರ ಪಾಡಿಗೆ ಹೋದರು. ಹೊಸದುರ್ಗದವನು ಮಾತ್ರ ತನ್ನ ಕೆಲಸ ಬಿಡಲಿಲ್ಲ.

ದೀಪಾವಳಿಗೆ ಊರಿಗೆ ಹೋದ ಹಿರಿಯೂರಿನವನು ಎರಡು ದಿನ ತಡವಾಗಿ ಬಂದ. ಮನೆಯಲ್ಲಿ ನೆಂಟರ ಎದುರಿಗೆ ತಂದೆ ಇವನ ಬಾಯಿ ಮೂಸಿ ನೋಡಿದರಂತೆ. ಕುಡಿದಿರಲಿಲ್ಲ. ಕುಡಿಯದೇ ಇದ್ದವನ ಬಾಯಿ ಮೂಸಿದರು ಎಂದು ಸಿಟ್ಟಾಗಿ ಅಲ್ಲಿಂದಲೇ ಎದ್ದು ಹೋಗಿ ಕುಡಿದ. ಹಾಸ್ಟೆಲ್ಲಿಗೆ ಬಂದಾಗ ಮೊದಲಿನ ಸ್ಥಿತಿಗೇ ಬಂದಿದ್ದ.

ಹೊಸದುರ್ಗದವನು ಮಾರನೇ ಬೆಳಿಗ್ಗೆ ನಮ್ಮ ಮನೆಗೆ ಬಂದ. ನಾನು ಕಾಲೇಜಿಗೆ ಹೊರಡಲು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಅವನು ಪಂಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹೊಡೆಯುತ್ತಾ ಹೇಳಿದ: "ನಂಗೆ ಸಾಕಾಗೈತೆ ಸಾರ್. ಅವನು ಬಾಗಿಲು ಒದ್ದು ಹೋಗ್ತಾನೆ. ನಾನು ಹಿಂದೆ ಹೋಗ್ತೀನಿ. ಬೈತಾನೆ. ಈ ಸಲ ಪರೀಕ್ಷೆನಾದ್ರೂ ಬರೀಬೇಕು. ನಮ್ಮವ್ವ ಕಾಯ್ತಾ ಐದಾಳೆ. ಬೇರೆ ಯಾರನ್ನಾದ್ರೂ ಅವನ ಜೊತೆ ಹಾಕ್ತೀರಾ?"

ಆಗ ನಾನು ಡಾಕ್ಟರು ಉಳಿಸಿಹೋದ ಆ ಪಾಠವನ್ನು ಹೇಳಿಕೊಡಬೇಕಿತ್ತು. ಅವನಾಗಿಯೇ ಬಂದು ಕೇಳಿದ್ದ. ನಾನು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದ ಮಾತು ಬೇರೆ. "ನೀನೂ ಬಿಟ್ಟರೆ ಅವನಿಗೆ ಯಾರಿದ್ದಾರಪ್ಪ? ಇನ್ನೊಂದು ಸ್ವಲ್ಪ ದಿನ. ಬಿಡಬೇಡ" ಅಂದೆ.

ಅವನು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಆಗ್ಲಿ ಸಾರ್" ಎಂದು ಹೋದ.

ಅದಾಗಿ ಒಂದು ತಿಂಗಳಿಗೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಾರಾಯಿ ಅಂಗಡಿಯ ಮುಂದೆ ಹೋಗುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಒಳಗೆ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಹಿರಿಯೂರಿನವನು ಏನೋ ಜೋರಾಗಿ ಮಾತಾಡುತ್ತಿದ್ದ, ಹೊಸದುರ್ಗದವನು ತಲೆ ತಗ್ಗಿಸಿ ಕೇಳುತ್ತಿದ್ದ. ಅಂಗಡಿಯೊಳಗೂ ಬಿಡದೆ ಕಾಯುತ್ತಿದ್ದಾನಲ್ಲ ಎಂದು ನನ್ನ ಎದೆ ತುಂಬಿತು. ಒಳಗೆ ಹೋಗಲಿಲ್ಲ, ಮೇಷ್ಟ್ರು ಅಂಥ ಕಡೆ ಕಾಲಿಡಬಾರದು ಅನ್ನುವ ಅಳುಕೂ ಇತ್ತು. ಮನೆಗೆ ಬಂದು ಹೆಂಡತಿಗೆ ಇದನ್ನು ಸಂತೋಷದಿಂದ ಹೇಳಿದೆ. ಅವಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. "ಅಲ್ರೀ, ಅವನ ಮುಂದೆ ಗ್ಲಾಸು ಇತ್ತೋ ಇರ್ಲಿಲ್ವೋ ನೋಡಿದ್ರಾ?" ಅಂದಳು.

ನಾನು ನೋಡಿರಲಿಲ್ಲ.

ಅವಳ ಮಾತು ಕೊರೆಯುತ್ತಲೇ ಇತ್ತು, ಆದರೂ ಕೇಳಲು ಧೈರ್ಯ ಬರಲಿಲ್ಲ. ಸಂಕ್ರಾಂತಿಯಾದ ಮೇಲೆ ಒಂದು ದಿನ ತರಗತಿಯಲ್ಲಿ ಉತ್ತರ ಬರೆಸುತ್ತಿದ್ದೆ. ಬೆಂಚುಗಳ ನಡುವೆ ನಡೆಯುತ್ತಾ ಹೊಸದುರ್ಗದವನ ಪಕ್ಕ ಬಂದಾಗ ಪುಸ್ತಕ ಕಣ್ಣಿಗೆ ಬಿತ್ತು. ಆ ಮುತ್ತಿನಂಥ ಅಕ್ಷರ ಗೆರೆ ಬಿಟ್ಟು ಮೇಲೆ ಕೆಳಗೆ ಓಡಾಡಿತ್ತು. ಪೆನ್ನು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದ. ಬಾಯಲ್ಲಿ ಲವಂಗ. ನಾನು ನಿಂತದ್ದು ಗೊತ್ತಾಗಿ ತಲೆಯೆತ್ತಿದ. ಕಣ್ಣಲ್ಲಿ ನೀರು ತುಂಬಿತು, ಆದರೆ ಮುಖ ಆ ಕಡೆ ತಿರುಗಿಸಲಿಲ್ಲ.

ಗಂಟೆ ಹೊಡೆದ ಮೇಲೆ ಖಾಲಿ ಕ್ಲಾಸಿನಲ್ಲಿ ಅವನ ಪಕ್ಕದ ಬೆಂಚಿನಲ್ಲಿ ಕೂತೆ.

"ಯಾವಾಗಿಂದ?"

"ದೀಪಾವಳಿ ಆದ್ಮೇಲೆ ಸಾರ್."

"ಯಾಕೋ? ನೀನು? ನಿನಗೆ ಎಲ್ಲ ಗೊತ್ತಿತ್ತಲ್ಲೋ!"

ಅವನು ಹೇಳಿದ ಮಾತನ್ನು ನಾನು ಹೇಗೆ ಕೇಳಿದೆನೋ ಹಾಗೇ ಬರೆಯುತ್ತಿದ್ದೇನೆ. "ಅಂಗಡ್ಯಾಗೆ ಅವನು ಒಬ್ಬನೇ ಕುಡೀತಿದ್ದ ಸಾರ್. ನಾನು ಸುಮ್ಮನೆ ಕುಂತಿರ್ತಿದ್ದೆ. ಒಂದಿನ ಬಾಟ್ಲಿ ತಗಂಡ. ಅದನ್ನ ಪೂರಾ ಕುಡಿದ್ರೆ ಅವನು ಉಳಿಯಲ್ಲ ಅನ್ನಿಸ್ತು. ಕಿತ್ಕಂಡ್ರೆ ಜಗಳ ಆಗ್ತೈತೆ. ಅದಕ್ಕೆ ಅರ್ಧ ನಾನು ಕುಡಿದ್ರೆ ಅವನ ಪಾಲಿಗೆ ಅರ್ಧನೇ ಉಳೀತೈತಲ್ಲ ಅಂತ ನಾನೂ ಗ್ಲಾಸು ಹಿಡಿದೆ. ಆವತ್ತು ಅವನು ನಡ್ಕಂಡು ಹಾಸ್ಟೆಲ್ಲಿಗೆ ಬಂದ ಸಾರ್. ಮಾರನೇ ದಿನಾನೂ ಹಂಗೇ ಮಾಡಿದೆ."

"ಆಮೇಲೆ?"

"ಆಮೇಲೆ ಅವನ ಪಾಲು ಕಮ್ಮಿ ಮಾಡಾಕೆ ಅಂತ ಕುಡೀಲಿಲ್ಲ ಸಾರ್. ನನಗೇ ಬೇಕಾಗಿತ್ತು."

ನಾನು ಅವನನ್ನು ಬೈಯಲಿಲ್ಲ. ಬೈಯಬಾರದು ಎಂದು ಕಲಿತಿದ್ದೆ. ಅವನ ಪಕ್ಕದಲ್ಲಿ ಕೂತೇ ಇದ್ದೆ. ಅದರಿಂದ ಏನೂ ಆಗಲಿಲ್ಲ.

ವಾರ್ಷಿಕ ಪರೀಕ್ಷೆಗೆ ಮುಂಚೆಯೇ ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಇಬ್ಬರೂ ಹಾಸ್ಟೆಲ್ ಬಿಡಬೇಕಾಯಿತು. ಆಜ್ಞೆಗೆ ವಾರ್ಡನ್ ಎಂದು ನಾನೇ ಸಹಿ ಹಾಕಿದೆ. ಹಿರಿಯೂರಿನವನನ್ನು ತಂದೆ ಬಂದು ಕರೆದುಕೊಂಡು ಹೋದರು. ಈ ಸಲ ನನ್ನ ಮನೆಗೆ ಬರಲಿಲ್ಲ. ಹೊಸದುರ್ಗದವನನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಟ್ರಂಕು ಹೊತ್ತುಕೊಂಡು ತಾನೇ ಬಸ್ಸಿಗೆ ಹೋದ. ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಊರಿಗೆ ಹೋಗಿ ಚೆನ್ನಾಗಿ ಉಂಡು ಆರೋಗ್ಯ ನೋಡಿಕೋ, ಮುಂದಿನ ವರ್ಷ ಮತ್ತೆ ಸೇರಿಸುತ್ತೇನೆ ಅಂದೆ. ಹೂಂ ಸಾರ್ ಅಂದ.

ಜೂನ್‌ನಲ್ಲಿ ಅವನು ಬರಲಿಲ್ಲ. ಜುಲೈನಲ್ಲಿ ನಾನೇ ಹೋದೆ. ಹೊಸದುರ್ಗದಲ್ಲಿ ಬಸ್ಸಿಳಿದು ಇನ್ನೊಂದು ಬಸ್ಸು ಹಿಡಿದು, ಆಮೇಲೆ ಎರಡು ಮೈಲಿ ನಡೆದೆ. ತಾಯಿ ಹಟ್ಟಿಯಲ್ಲಿ ಮನೆಯ ಮುಂದೆ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ನಲವತ್ತೈದು ಇರಬಹುದು, ಗಟ್ಟಿ ಹೆಂಗಸು. ಕಾಲೇಜಿನ ಮೇಷ್ಟ್ರು ಎಂದು ಗೊತ್ತಾದ ಕೂಡಲೇ ಎದ್ದು ಕಂಬಳಿ ಹಾಸಿ, "ಬರ್ರಿ ಸ್ವಾಮಿ, ಕುಂತ್ಕಳ್ರಿ" ಎಂದು ಮಜ್ಜಿಗೆ ಕೊಟ್ಟಳು. ಮಗ ಮನೆಯಲ್ಲಿರಲಿಲ್ಲ. ಬೆಳಿಗ್ಗೆಯೇ ಹೋಗಿದ್ದನಂತೆ. ಎಲ್ಲಿಗೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

"ನಮ್ಮ ಮನ್ಯಾಗೆ ಯಾರೂ ಮುಟ್ಟಿದೋರಲ್ಲ ಸ್ವಾಮಿ. ಅವರಪ್ಪ ಬೀಡಿ ಸೈತ ಸೇದ್ತಿರಲಿಲ್ಲ. ಓದಿ ಬರ್ಲಿ ಅಂತ ಕಳ್ಸಿದೆ, ಕುಡಿಯಾದು ಕಲ್ತು ಬಂದ ಅಂತಾರೆ ಜನ. ಯಾರು ಕಲಿಸಿದ್ರು ಅಂತ ಕೇಳಿದ್ರೆ ಇವನು ಬಾಯಿ ಬಿಡಲ್ಲ. ನಿಮಗೇನಾದ್ರೂ ಗೊತ್ತೈತಾ?"

ಮಜ್ಜಿಗೆಯ ಲೋಟ ಕೆಳಗಿಟ್ಟೆ. "ನಾನೇ ಕಣಮ್ಮ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ, "ಅಯ್ಯೋ ಬಿಡ್ತು ಅನ್ನಿ. ಮೇಷ್ಟ್ರು ಯಾರಾದ್ರೂ ಅಂಥದ್ದು ಕಲಿಸ್ತಾರಾ? ದೊಡ್ಡ ಮನಸ್ಸು, ನಿಮ್ಮ ತಲೆ ಮೇಲೆ ಹಾಕ್ಕಂತೀರಿ" ಎಂದು ಕೈ ಮುಗಿದಳು. ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕು ಎಂದುಕೊಂಡೇ ಬಂದಿದ್ದೆ. ಆ ಕೈ ಮುಗಿದದ್ದನ್ನು ನೋಡಿ ಬಾಯಿ ಬರಲಿಲ್ಲ. ಸಂಜೆ ಬಸ್ಸಿಗೆ ವಾಪಸು ಬಂದೆ.

ಆಮೇಲೆ ಅವನನ್ನು ಕುಡಿತದಿಂದ ಬಿಡಿಸಲು ಮೂರು ಸಲ ಪ್ರಯತ್ನ ಮಾಡಿದೆ. ಮೊದಲ ಸಲ ಆಸ್ಪತ್ರೆಗೆ ಸೇರಿಸಲು ಕರೆದುಕೊಂಡು ಬಂದೆ. ಆಗ ಅಲ್ಲಿದ್ದ ಡಾಕ್ಟರಿಗೆ ಇದು ಕಾಯಿಲೆ ಎಂಬುದರಲ್ಲೇ ನಂಬಿಕೆ ಇರಲಿಲ್ಲ, ಸೇರಿಸಿಕೊಳ್ಳಲಿಲ್ಲ. ಎರಡನೇ ಸಲ ನಮ್ಮ ಮನೆಯಲ್ಲೇ ಇರಿಸಿಕೊಂಡೆ. ಹದಿನೆಂಟು ದಿನ ಇದ್ದ. ಹಂಡೆ ತುಂಬಿಸಿದ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ. ಹತ್ತೊಂಬತ್ತನೇ ದಿನ ಸೊಪ್ಪು ತರಲು ಹೋದವನು ಬರಲಿಲ್ಲ. ನಾನು ಊರೆಲ್ಲ ಹುಡುಕಿ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳು ಎಂದೂ ನನ್ನನ್ನು ನೋಯಿಸಿ ಮಾತಾಡಿದವಳಲ್ಲ. ಅವತ್ತು ಮಾತ್ರ, "ಒಬ್ಬನ್ನ ಉಳಿಸಾಕೆ ಹೋಗಿ ಇನ್ನೊಬ್ಬನ್ನ ಕೊಟ್ರಿ ನೀವು" ಅಂದು ಒಳಗೆ ಹೋದಳು.

ಮೂರನೇ ಪ್ರಯತ್ನಕ್ಕೆ ನಾನು ಹಿರಿಯೂರಿಗೆ ಹೋದೆ. ಆ ಹುಡುಗ ಓದು ಬಿಟ್ಟು ಪಿ.ಬಿ. ಹೆದ್ದಾರಿಯ ಪಕ್ಕದಲ್ಲಿ ಸೋದರಮಾವನ ಟೈರು ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ಕುಡಿತ ಬಿಟ್ಟು ವರ್ಷವಾಯಿತು ಎಂದು ಕೇಳಿದ್ದೆ. ನಿಜವೇ ಆಗಿತ್ತು. ಮೈ ತುಂಬಿಕೊಂಡಿತ್ತು, ಲಾರಿಯ ಚಕ್ರವನ್ನು ಒಬ್ಬನೇ ಎತ್ತಿ ಕೂರಿಸುತ್ತಿದ್ದ. ಅಣಕ ಮಾಡುವ ಹುಡುಗ ಮಾತ್ರ ಇರಲಿಲ್ಲ. ಎರಡು ಮಾತಿಗೆ ಒಂದು ಮಾತು ಆಡುತ್ತಿದ್ದ. ಹೇಗೆ ಬಿಟ್ಟೆ ಎಂದು ಕೇಳಿದರೆ, "ಗೊತ್ತಿಲ್ಲ ಸಾರ್. ಒಂದಿನ ಆಗಲ್ಲ ಅನ್ನಿಸ್ತು" ಅಂದ.

ನಾನು ಬಂದ ವಿಷಯ ಹೇಳಿದೆ. "ನಿನಗೋಸ್ಕರ ಅವನು ಇಷ್ಟು ಮಾಡಿದ. ಈಗ ನೀನು ಬಂದು ಅವನ ಪಕ್ಕ ನಾಲ್ಕು ದಿನ ಕೂತರೆ ಅವನು ಕೇಳ್ತಾನೆ. ಬೇರೆ ಯಾರ ಮಾತೂ ಕೇಳಲ್ಲ."

ಅವನು ಕೈಯ ಗ್ರೀಸನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಲೇ ಇದ್ದ. ಕೈ ಶುಭ್ರವಾದ ಮೇಲೂ ಒರೆಸಿದ.

"ಬರಲ್ಲ ಸಾರ್."

"ಯಾಕಪ್ಪ?"

"ಅವನ ಪಕ್ಕ ಕುಂತ್ರೆ ನಾನು ಕುಡೀತೀನಿ. ನಂಗೆ ಗೊತ್ತೈತೆ. ಈ ಅಂಗಡಿ ಬಿಟ್ಟು ಆ ಕಡೆ ಬಸ್ ಸ್ಟ್ಯಾಂಡಿಗೂ ನಾನು ಒಬ್ಬನೇ ಹೋಗಲ್ಲ." ಆಮೇಲೆ ಮೊದಲ ಸಲ ನನ್ನ ಕಣ್ಣು ನೋಡಿ ಹೇಳಿದ: "ಅವನು ನನ್ನ ಪಕ್ಕದಿಂದ ಎದ್ದು ಹೋಗ್ಬೇಕಿತ್ತು ಸಾರ್. ಎಷ್ಟೋ ಸಲ ನಾನೇ ಹೇಳಿದೆ, ಹೋಗಲೇ, ನನ್ನ ಬಿಟ್ಟು ಹೋಗಲೇ ಅಂತ. ಸಾರ್ ಬಿಡಬೇಡ ಅಂದವ್ರೆ ಅಂತಿದ್ದ."

ಅಂಗಡಿಯ ಮುಂದೆ ಒಂದು ಲಾರಿ ಬಂದು ನಿಂತಿತು. ಅವನು ನಮಸ್ಕಾರ ಮಾಡಿ ಜಾಕಿ ಎತ್ತಿಕೊಂಡು ಹೋದ. ನನಗೆ ಅವನ ಮೇಲೆ ಕೋಪ ಮಾಡಿಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ. ಅವನು ಹೇಳಿದ್ದು ಸರಿ ಇತ್ತು.

ಒಂದೆರಡು ವರ್ಷ ಹೊಸದುರ್ಗದವನು ಅಲ್ಲಿ ಇಲ್ಲಿ ಕಾಣುತ್ತಿದ್ದ. ಒಂದು ಸಲ ಚಿಕ್ಕಜಾಜೂರಿನಲ್ಲಿ ರೈಲು ಬದಲಾಯಿಸಲು ಇಳಿದಾಗ ಗೂಡ್ಸ್ ಗಾಡಿಗೆ ಅದಿರು ತುಂಬುವ ಕೂಲಿಗಳ ನಡುವೆ ಅವನಿದ್ದ. ಕೆಂಪು ದೂಳಿನಲ್ಲಿ ಗುರುತು ಸಿಗಲಿಲ್ಲ, ಅವನೇ ಓಡಿ ಬಂದ. ಮುಖ ಊದಿತ್ತು, ಕಣ್ಣು ಹಳದಿ. ನನ್ನ ಚೀಲವನ್ನು ಕೈಯಿಂದ ಕಿತ್ತುಕೊಂಡು ಗಾಡಿಗೆ ತಂದಿಟ್ಟ. "ಪಾಪು ಹೆಂಗೈತೆ ಸಾರ್? ಸ್ಕೂಲಿಗೆ ಹೋಗ್ತೈತಾ?" ಎಂದು ಕೇಳಿದ. ಬಾ, ನನ್ನ ಜೊತೆ ಬಾ, ಈಗಲೇ ಹತ್ತು ಅಂದೆ. ನಕ್ಕ. "ನೀವು ಹೋಗ್ರಿ ಸಾರ್. ಗಾಡಿ ಬಿಡ್ತೈತೆ" ಅಂದ. ಗಾಡಿ ಬಿಡಲು ಇನ್ನೂ ಕಾಲು ಗಂಟೆ ಇತ್ತು. ಆ ಕಾಲು ಗಂಟೆ ನಾನು ಒಳಗೆ ಕೂತಿದ್ದೆ, ಅವನು ಪ್ಲಾಟ್‌ಫಾರಂನಲ್ಲಿ ಕಿಟಕಿಯ ಪಕ್ಕ ನಿಂತಿದ್ದ. ನಾನು ಇಳಿಯಬಹುದಿತ್ತು, ಇಳಿಯಲಿಲ್ಲ. ಮಾರನೇ ದಿನ ಕ್ಲಾಸಿತ್ತು.

ದಶಕದ ಕೊನೆಯ ವರ್ಷ, ಬೇಸಿಗೆ. ಹೊಳಲ್ಕೆರೆಯಿಂದ ಬರುತ್ತಿದ್ದ ಬಸ್ಸು ಕುರಿ ಹಿಂಡು ರಸ್ತೆ ದಾಟಲೆಂದು ನಿಂತಿತು. ಹಿಂಡಿನ ಹಿಂದೆ ಬರುತ್ತಿದ್ದವನ ಮುಖ ಎಲ್ಲೋ ನೋಡಿದಂತಿತ್ತು. ಹೊಸದುರ್ಗದವನನ್ನು ಆಸ್ಪತ್ರೆಗೆ ಕರೆತರಲು ಹೋದಾಗ ಹಟ್ಟಿಯಲ್ಲಿ ಕಂಡಿದ್ದೆ, ಅವನ ಸೋದರಮಾವ. ಕಿಟಕಿಯಿಂದ ತಲೆ ಹಾಕಿ ಗುರುತು ಹೇಳಿಕೊಂಡು, ನಿಮ್ಮ ಅಳಿಯ ಹೇಗಿದ್ದಾನೆ ಎಂದು ಕೇಳಿದೆ.

ಅವನು ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ. "ಅವನಾ? ಹೋದ ಸ್ವಾಮಿ. ಮಾಗಿ ಚಳಿ ಟೈಮಾಗೆ. ಕಾಮಾಲೆ ಆಗಿತ್ತು. ನಿಮಗೆ ಹೇಳಿ ಕಳ್ಸಾಣ ಅಂದ್ರೆ ಊರು ಗೊತ್ತಿತ್ತು, ಮನೆ ಗೊತ್ತಿರ್ಲಿಲ್ಲ" ಅಂದ. ಕೊನೆಯ ಕುರಿ ದಾಟಿತ್ತು. ಡ್ರೈವರು ಹಾರನ್ ಹೊಡೆದ. ಅವನು ಕೋಲೆತ್ತಿ ಹಿಂಡಿನ ಹಿಂದೆ ಓಡಿದ.

ಅದರ ಮುಂದಿನ ಭಾನುವಾರ ನಾನು ಅವರ ಹಟ್ಟಿಗೆ ಹೋದೆ. ಈ ಸಲ ತಾಯಿಗೆ ಎಲ್ಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಅಂಗಳದ ಬಾಯಿಗೆ ಜಾಲಿಮುಳ್ಳು ಎಳೆದಿತ್ತು. ಪಕ್ಕದ ಮನೆಯ ಹೆಂಗಸು, ಅವಳೂ ತಮ್ಮನ ಜೊತೆ ಕುರಿ ಹೊಡಕೊಂಡು ಮೇವಿಗೆ ಹೋಗೈದಾಳೆ, ಮಳೆ ಬೀಳಾತನಕ ಬರಲ್ಲ ಅಂದಳು. ಏನಾದರೂ ಹೇಳಬೇಕಿತ್ತಾ ಎಂದೂ ಕೇಳಿದಳು. ಏನಿಲ್ಲ ಅಂದೆ.

ಮಳೆ ಬಂತು. ನಾನು ಮತ್ತೆ ಹೋಗಲಿಲ್ಲ.